ಸೀಟು ಹನ್ನೊಂದು, ಹನ್ನೆರಡು

ಕೂಡ್ರಿ. ಫ್ಯಾನು ನಿಮ್ಮ ಕಡೆ ತಿರುಗಸ್ತೀನಿ.
ಗೋಕರ್ಣಕ್ಕ ಯಾವಾಗ ಹೋಗೂದಂತ ಕೇಳಿದ್ರಿ.
ರಾಯಚೂರ ಬಸ್‌ಸ್ಟ್ಯಾಂಡಿನ ಎದುರು ಈ ತಗಡಿನ ಡಬ್ಬಿಯೊಳಗ
ಹತ್ತೊಂಬತ್ತು ವರ್ಷಾತು, ಸಮುದ್ರ ಮಾರತೀನಿ.
ಬರಕೋರಿ.

ಎಳ್ಳಮಾಸಿ ದಾಟಲಿ.
ಹೊಲಕ್ಕ ಚರಗ ಚೆಲ್ಲಿ, ಮಿಕ್ಕ ಸಜ್ಜಿರೊಟ್ಟಿ ಕಟಗೊಂಡು ಹೊಂಡ್ರಿ.
ಆಗ ಆ ನೀರು ಸಾಕಿದ ಎಮ್ಮಿ ಇದ್ದಂಗ,
ಹುಡುಗರು ಮೈಮ್ಯಾಲ ಬಿದ್ದರೂ ಸುಮ್ಮನಿರತದ.
ಡಿಸೆಂಬರ ಕಡೀ ವಾರ ಮಾತ್ರ ಬ್ಯಾಡ:
ಆರುನೂರರ ರೂಮು ಎರಡು ಸಾವಿರ ಅಂತದ,
ದಂಡಿಮ್ಯಾಲ ಬಿಟ್ಟ ನಿಮ್ಮ ಚಪ್ಪಲಿ ನಿಮಗ ಸಿಗೂದಿಲ್ಲ.

ರೊಟ್ಟಿ ಅಂದ್ನೆಲ್ಲ, ಮೊದಲನೇ ದಿನಾನೇ ತಿಂದು ಮುಗಸ್ರಿ.
ಎಂಥಾ ಕಟಕ್ ರೊಟ್ಟಿ ಇರವಲ್ದ್ಯಾಕ, ಆ ಗಾಳಿಗೆ
ಎರಡನೇ ದಿನ ಹೊಸ ಅಳಿಯನಂಗ ಮೆತ್ತಗಾಗತಾವ.
ಶೇಂಗಾ ಹಿಂಡಿಗೆ ಏನೂ ಆಗೂದಿಲ್ಲ.

ಯುಗಾದಿ ಆತೋ, ಎಲ್ಲಾರೂ ಓಡಿ ಬರತಾರ.
ಹೊರಗ ನಲವತ್ತಮೂರು ಡಿಗ್ರಿ,
“ಅಲ್ಲಿ ತಂಪಿರತದಲ್ಲೇನ್ರಿ ಮೌಲಾಸಾಬ್ರ?”
ಇಲ್ರಿ.
ನಮ್ಮ ಬಿಸಲು ಹಂಚಿನ ಮ್ಯಾಲ ಸುಡತದ,
ಅವರದು ಮುಚ್ಚಳ ಹಾಕಿ ಕುದಸತದ.
ಮುಂಜಾನಿ ಏಳರೊಳಗ ನೀರಿಗಿಳದು ಏಳಬೇಕು,
ಆಮ್ಯಾಲ ಫ್ಯಾನಿನ ಕೆಳಗ ಬಿದ್ದು
ಇಷ್ಟು ದೂರ ಯಾಕ ಬಂದೆವು ಅಂತ ಜಗಳಾಡೂದು.

ಅರಬೈಲ ಘಟ್ಟದಾಗ ಲಿಂಬಿಹಣ್ಣು ಕೈಯಾಗಿರಲಿ.
ಹಿಂದಿನ ಗಾಲಿಮ್ಯಾಲಿನ ಸೀಟು ನಾ ಕೊಡೂದಿಲ್ಲ, ಕೇಳಬ್ಯಾಡ್ರಿ.
ಅಮಾಸಿ, ಹುಣ್ಣಿವಿಗೆ ನೀರು ಎಲ್ಲೀತನ ಏರತದಂತ
ಅಲ್ಲಿಯ ಮೀನದವರನ್ನ ಕೇಳ್ರಿ, ನನ್ನಲ್ಲ.

ಮಿರಗಾ ಕೂಡಿದ್ದ ಹಿಡಿದು ಪಂಚಮಿತನ
ಹೋಗಲೇಬ್ಯಾಡ್ರಿ.
ಬೋಟಿಲ್ಲ, ಹಸಿಮೀನಿಲ್ಲ, ತೊಟ್ಟ ಅಂಗಿ ಒಣಗೂದಿಲ್ಲ.
ಎಲ್ಲಾರಿಗೂ ಹಿಂಗೇ ಹೇಳತೀನಿ.

ನಾ ಹೋದದ್ದು ಆಗೇ.

ದೇವಸೂಗೂರ ಕಡೆಯವ ಒಬ್ಬ ಹುಡುಗ,
ಹೊಸದಾಗಿ ಲಗ್ನ ಆದಾವ, ಕಿಡಕಿ ಕಡೆ ಎರಡು ಸೀಟು ಹಿಡದಿದ್ದ.
ಹೊಂಡೂ ದಿನ ಸಂಜಿಕೆ ಒಬ್ಬನೇ ಬಂದು ನಿಂತ.
ಆಷಾಢ ಹತ್ತಿದ್ದು ಅವಗ ಗೊತ್ತೇ ಇಲ್ಲ,
ಅವರವ್ವಗ ಗೊತ್ತಿತ್ತು;
ಹುಡುಗಿ ಆಗಲೇ ತವರಮನಿ ಮಾನವಿ ಬಸ್ಸಿನ್ಯಾಗ.
ರೊಕ್ಕ ವಾಪಸ್ ಬರೂಹಂಗಿಲ್ಲ ಅಂದೆ.
“ಇರಲಿ, ನೀವರ ಹೋಗಿಬರ್ರಿ” ಅಂದ,
ಸಿಟ್ಟಿಲೆ ಅಂದನೋ ಖರೇನ ಅಂದನೋ.

ಖೈರುನ್ನ ಬಾ ಅಂದ್ರ ನಕ್ಕಳು,
ಮಳಿಗಾಲದಾಗ ಮಳಿ ನೋಡಾಕ ಹೋಗತಾರೇನು ಅಂದಳು.
ಹನ್ನೊಂದರಾಗ ನಾ ಕೂತೆ.
ಹನ್ನೆರಡರಾಗ ಛತ್ರಿ ಇಟ್ಟೆ.

ಬೋಟೆಲ್ಲಾ ದಂಡಿಗೆ ಏರಿ ಮಡಲು ಹೊದ್ದು ಮಲಗಿದ್ದವು.
ಅಂಗಡಿ ಸಾಲಿಗೆ ಸಾಲೇ ನೀಲಿ ತಾಡಪತ್ರಿ.
ಒಂದೇ ಒಂದು ಚಾದ ಗೂಡು,
ಒಲಿಮ್ಯಾಲ ಒಣಮೀನ ಸುಡತಿದ್ದಾಕಿ ಕೇಳಿದಳು,
“ಈಗೆಂತಕ್ಕೆ ಬಂದ್ರಿ?”
ಟಿಕೇಟಿತ್ತು ಅಂದೆ.
ಬ್ಯಾರೆ ಉತ್ತರ ಹೊಳೀಲಿಲ್ಲ.

ಸಮುದ್ರ ನೀಲಿ ಇರಲಿಲ್ರಿ.
ಹೊಸನೀರು ಬಂದಾಗಿನ ನಮ್ಮ ಕೃಷ್ಣಾನಂಗ ಕೆಂಪಗ,
ಯಾರನ್ನೂ ಕೇಳದ, ಯಾರಿಗೂ ತೋರಸದ,
ತನ್ನ ಪಾಡಿಗೆ ತಾ ಏಳತಿತ್ತು, ಬೀಳತಿತ್ತು.
ನಾ ಮಾರಿದ್ದು ಇದನ್ನಲ್ಲ ಅನಸ್ತು.
ಇದೇ ಮಳಿ ಘಟ್ಟದ ಆಚೀಕಡೆ ಬಿದ್ದಿದ್ರ
ಒಂದಿನ ನಮ್ಮೂರ ಸೇತುವೆ ಕೆಳಗ ಹಾದು
ಮೂಡಣದ ಕಡಲಿಗೆ ಹೋಗತಿತ್ತು,
ಈಚೀಕಡೆ ಬಿದ್ದದ್ದಕ್ಕ ಇಲ್ಲೇ ಮುಗೀತು.
ಎರಡು ತಾಸು ನಿಂತೆ. ಚಾ ಮೂರು ಸಲ ಆತು.

ಊರಿಗೆ ಬಂದ ಮ್ಯಾಲೂ ಈ ರಶೀದಿ ಬುಕ್ಕು
ಶ್ರಾವಣತನ ಹಸೀ ವಾಸನಿ ಹೊಡೀತು.
ಆ ಹುಡುಗ ದಸರಾಕ್ಕ ಬಂದು ಮತ್ತ ಎರಡು ಸೀಟು ಹಿಡದ.
“ಹೆಂಗಿತ್ರಿ?” ಅಂದ.
ಛಲೋ ಇತ್ತು, ನಿಮ್ಮಾಕಿ ಸೀಟಿನ್ಯಾಗ ಛತ್ರಿ ಕೂತಿತ್ತು ಅಂದೆ.

ಹಂಗಾರ ಎಳ್ಳಮಾಸಿ ಆದಮ್ಯಾಲ ಬರೀಲ್ಯಾ?
ಎರಡು ಸೀಟು, ಮುಂದಿನ ಕಡೆ.
ಅಥವಾ…
ನಿಮ್ಮ ಹತ್ತರ ಛತ್ರಿ ಅದ ಏನ್ರಿ?